ಹತ್ತು ನಿಮಿಷದಲ್ಲಿ ಸರಿಯಾಯಿತಲ್ಲ, ಮತ್ತೆ ಯಾಕೆ ಆಸ್ಪತ್ರೆ?

ಪ್ರಶ್ನೆ: ನಾವು ಬ್ರಹ್ಮಾವರದ ಹತ್ತಿರದವರು. ನನ್ನ ಮಾವನಿಗೆ 64 ವರ್ಷ. ಕಳೆದ ಶನಿವಾರ ಬೆಳಿಗ್ಗೆ ಗಂಜಿ ಊಟ ಮಾಡುತ್ತಿದ್ದಾಗ ಬಲಗೈಯಿಂದ ಚಮಚ ಜಾರಿ ಬಿತ್ತು. ಎತ್ತಲು ಹೋದರೆ ಬೆರಳು ಹಿಡಿಯಲಿಲ್ಲ. ನನ್ನನ್ನು ಕರೆದರು, ಆದರೆ ಮಾತು ತೊದಲಿ ಏನೂ ಗೊತ್ತಾಗಲಿಲ್ಲ. ಅತ್ತೆ ಕೈಗೆ ಎಣ್ಣೆ ತಿಕ್ಕಿದರು, ಕಷಾಯ ಕುಡಿಸಿದರು. ಹತ್ತು-ಹದಿನೈದು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಮಧ್ಯಾಹ್ನ ಸ್ಕೂಟರಿನಲ್ಲಿ ಪೇಟೆಗೂ ಹೋಗಿ ಬಂದರು. "ಗ್ಯಾಸ್, ವಾತ ಅಷ್ಟೆ" ಎನ್ನುತ್ತಾರೆ, ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಬಿಪಿ ಮಾತ್ರೆಯನ್ನು "ನಾರ್ಮಲ್ ಬಂತು" ಎಂದು ಎರಡು ತಿಂಗಳ ಹಿಂದೆ ಬಿಟ್ಟಿದ್ದಾರೆ. ಅವರ ಅಣ್ಣ ಲಕ್ವ ಹೊಡೆದು ಮಲಗಿದಲ್ಲೇ ಇದ್ದಾರೆ. ನನ್ನ ಗಂಡ ದುಬೈಯಲ್ಲಿದ್ದಾರೆ. ಸ್ನಾನದಲ್ಲಿ ಮೊದಲು ತಲೆಗೆ ನೀರು ಹಾಕಬಾರದು, ಲಕ್ವ ಹೊಡೆದರೆ ಬೆರಳ ತುದಿಗೆ ಸೂಜಿ ಚುಚ್ಚಬೇಕು ಎಂದೆಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಇದು ನಿಜವಾಗಿ ಸ್ಟ್ರೋಕಾ? ಸರಿಯಾದ ಮೇಲೂ ಸ್ಕ್ಯಾನ್ ಬೇಕಾ? ಸ್ಕೂಟರ್ ಬಿಡಲು ಬಿಡಬಹುದಾ? ರಾತ್ರಿ ಹೊತ್ತು ಹೀಗಾದರೆ ನಾನೊಬ್ಬಳೇ ಏನು ಮಾಡಲಿ?

ಉತ್ತರ: ಈ ಉತ್ತರ ಓದಿ ಮುಗಿಸುವ ಮೊದಲು ಒಂದು ಕೆಲಸ ಮಾಡಿ. ಮಾವನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ಕ್ಯಾನ್ ಇರುವ, ನರರೋಗ ತಜ್ಞರು ಸಿಗುವ ಆಸ್ಪತ್ರೆಯೇ ಆಗಬೇಕು. ನಿಮಗೆ ಉಡುಪಿ, ಮಣಿಪಾಲ ದೂರವೇನಿಲ್ಲ. ನಿಮ್ಮ ಪತ್ರ ನನಗೆ ತಲುಪಿ ಈ ಉತ್ತರ ನಿಮ್ಮ ಕೈಗೆ ಬರುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ. "ಇಷ್ಟು ದಿನ ಏನೂ ಆಗಲಿಲ್ಲವಲ್ಲ" ಎಂದು ಬಿಡಬೇಡಿ. ಉಳಿದದ್ದನ್ನು ದಾರಿಯಲ್ಲಿ ಓದಬಹುದು.

ಮನೆಯವರ ಗೊಂದಲ ನನಗೆ ಅರ್ಥವಾಗುತ್ತದೆ. ಕಣ್ಣೆದುರು ಮನುಷ್ಯ ಚೆನ್ನಾಗಿ ಓಡಾಡುತ್ತಿದ್ದಾರೆ, ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ. ಇವರನ್ನು ರೋಗಿ ಎಂದು ಹೇಗೆ ಕರೆದುಕೊಂಡು ಹೋಗುವುದು? ನಮ್ಮ ಕರಾವಳಿಯಲ್ಲಿ ನಾನು ಅತಿ ಜಾಸ್ತಿ ಕೇಳುವ ಮಾತು ಇದೇ: "ಆಗ ಸರಿಯಾಯಿತು ಡಾಕ್ಟ್ರೇ, ಹಾಗಾಗಿ ಬರಲಿಲ್ಲ." ಈ ಮಾತು ಹೇಳುವವರು ಎರಡನೇ ಸಲ ಬರುವಾಗ ಸ್ಟ್ರೆಚರಿನ ಪಕ್ಕ ನಿಂತಿರುತ್ತಾರೆ. ನಿಮ್ಮ ಪ್ರಶ್ನೆಯನ್ನೇ ನಾನು ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವೂ ಇದೇ.

ಈಗ ಆ ಶನಿವಾರ ಬೆಳಿಗ್ಗೆ ಏನಾಯಿತು ಎಂದು ನೋಡೋಣ. ಬಲಗೈ ಮತ್ತು ಮಾತು, ಎರಡೂ ಒಟ್ಟಿಗೆ, ಒಂದೇ ಕ್ಷಣದಲ್ಲಿ ಹೋದವು. ಬಲಗೈಯನ್ನು ನಡೆಸುವುದು ಮೆದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತಿನ ಜಾಗವೂ ಎಡಭಾಗದಲ್ಲೇ, ಹತ್ತಿರ ಹತ್ತಿರ. ಎರಡಕ್ಕೂ ರಕ್ತ ಕೊಡುವುದು ಒಂದೇ ದೊಡ್ಡ ರಕ್ತನಾಳದ ಕವಲುಗಳು. ಹೊಟ್ಟೆಯ ಗ್ಯಾಸ್ ಈ ಎರಡು ಜಾಗವನ್ನು ಹುಡುಕಿಕೊಂಡು ಹೋಗಿ ಹಿಡಿಯಲು ಸಾಧ್ಯವಿಲ್ಲ. ರಕ್ತದ ಒಂದು ಚಿಕ್ಕ ಹೆಪ್ಪು ಆ ನಾಳದಲ್ಲಿ ಸಿಕ್ಕಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಕರಗಿ ಹೋಗಿರುವ ಸಾಧ್ಯತೆಯೇ ಜಾಸ್ತಿ. ಇದನ್ನು ನಾವು ಟಿಐಎ ಎನ್ನುತ್ತೇವೆ. ಜನ ಮಿನಿ ಸ್ಟ್ರೋಕ್ ಎನ್ನುತ್ತಾರೆ.

ನೋಡದೆ ನೂರಕ್ಕೆ ನೂರು ಹೇಳಲಾಗದು. ಸಕ್ಕರೆ ಕಾಯಿಲೆಯವರಿಗೆ ಶುಗರ್ ತೀರಾ ಇಳಿದರೆ ಇದೇ ತರ ಆಗುತ್ತದೆ. ಕೆಲವು ಬಗೆಯ ಫಿಟ್ಸ್, ಮೈಗ್ರೇನ್ ಕೂಡ ಹೀಗೇ ಕಾಣಿಸಬಹುದು. ಅದನ್ನು ಬೇರ್ಪಡಿಸುವುದು ಪರೀಕ್ಷೆಯ ಕೆಲಸ, ಮನೆಯ ಜಗಲಿಯಲ್ಲಿ ಆಗುವಂಥದ್ದಲ್ಲ.

ಅತ್ತೆ ಎಣ್ಣೆ ತಿಕ್ಕಿದ್ದು ಪ್ರೀತಿಯಿಂದಲೇ. ಆದರೆ ತಿಕ್ಕಿದ್ದೂ ಹತ್ತು ನಿಮಿಷ, ಸರಿಯಾದದ್ದೂ ಹತ್ತು ನಿಮಿಷದಲ್ಲಿ. ಹಾಗಾಗಿ ಎಣ್ಣೆಯಿಂದಲೇ ಸರಿಯಾಯಿತು ಎಂಬ ನಂಬಿಕೆ ಮನೆಯಲ್ಲಿ ಕೂತುಬಿಡುತ್ತದೆ. ಟಿಐಎ ಹೆಚ್ಚಾಗಿ ಒಂದು ಗಂಟೆಯೊಳಗೆ ತಾನಾಗಿ ಬಿಡುತ್ತದೆ. ಏನೂ ಮಾಡದಿದ್ದರೂ ಬಿಡುತ್ತಿತ್ತು. ಈ ನಂಬಿಕೆಯ ಅಪಾಯ ಏನೆಂದರೆ, ಮುಂದಿನ ಸಲ ಬಿಡದೇ ಇದ್ದಾಗಲೂ ಮನೆಯವರು ಎಣ್ಣೆ ತಿಕ್ಕುತ್ತಾ ಕಾಯುತ್ತಾರೆ.

ಹೆಪ್ಪು ಕರಗಿತು ನಿಜ, ಅದು ಹೊರಟ ಜಾಗ ಹಾಗೇ ಉಂಟಲ್ಲ! ಚಿಕಿತ್ಸೆ ಇಲ್ಲದೆ ಬಿಟ್ಟರೆ ಟಿಐಎ ಆದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಮೂರು ತಿಂಗಳೊಳಗೆ ಪೂರ್ತಿ ಸ್ಟ್ರೋಕ್ ಆಗುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ ಎರಡು ದಿನಗಳಲ್ಲೇ. ಇನ್ನೊಂದು ವಿಷಯ: ಪೂರ್ತಿ ಸರಿಯಾದವರ ಎಂಆರ್‌ಐ ಮಾಡಿದರೂ ಮೂವರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ಚಿಕ್ಕ ಗಾಯ ಕಾಣುತ್ತದೆ. ಹೊರಗೆ ಲಕ್ಷಣ ಇಲ್ಲ, ಒಳಗೆ ಸ್ಟ್ರೋಕ್ ಆಗಿಯಾಗಿದೆ. ಸರಿಯಾದ ಮೇಲೂ ಸ್ಕ್ಯಾನ್ ಯಾಕೆ ಎಂಬುದಕ್ಕೆ ಇದು ಉತ್ತರ. ಸಂತೋಷದ ಸಂಗತಿಯೂ ಇದೆ. ಟಿಐಎ ಆದ ಕೂಡಲೇ ಪರೀಕ್ಷೆ ಮಾಡಿ ಔಷಧಿ ಶುರು ಮಾಡಿದರೆ ಆರಂಭದ ಆ ಅಪಾಯ 80 ಪ್ರತಿಶತದಷ್ಟು ಇಳಿಯಬಹುದು ಎಂದು 2007ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯರು ತೋರಿಸಿಕೊಟ್ಟಿದ್ದಾರೆ. ಎಚ್ಚರಿಕೆ ಸಿಕ್ಕಿ, ಅದರ ಮೇಲೆ ಕೆಲಸ ಮಾಡಲು ಸಮಯವೂ ಸಿಗುವ ಕಾಯಿಲೆಗಳು ಕಡಿಮೆ. ಇದು ಅಂಥದ್ದು.

ಸ್ಟ್ರೋಕ್ ಎಂದರೆ ಎರಡು ಬಗೆ. ಐದರಲ್ಲಿ ನಾಲ್ಕು ಪಾಲು ರಕ್ತನಾಳ ಕಟ್ಟಿಕೊಂಡು ಆಗುವುದು. ತೋಟದ ಸ್ಪ್ರಿಂಕ್ಲರ್ ಪೈಪಿಗೆ ಕಸ ಸಿಕ್ಕಿದರೆ ಆಚೆಯ ಗಿಡಗಳಿಗೆ ನೀರಿಲ್ಲದ ಹಾಗೆ. ಉಳಿದದ್ದು ನಾಳ ಒಡೆದು ಮೆದುಳಿನೊಳಗೆ ರಕ್ತಸ್ರಾವ ಆಗುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. ಇಷ್ಟು ವರ್ಷ ಇದೇ ಕೆಲಸ ಮಾಡುತ್ತಿರುವ ನನಗೂ ಸ್ಕ್ಯಾನ್ ನೋಡದೆ ಯಾವುದು ಎಂದು ಹೇಳಲು ಆಗುವುದಿಲ್ಲ. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಒಂದರಲ್ಲಿ ರಕ್ತದ ಹೆಪ್ಪು ಕರಗಿಸಬೇಕು, ಇನ್ನೊಂದರಲ್ಲಿ ರಕ್ತ ನಿಲ್ಲಬೇಕು. ಆದ್ದರಿಂದಲೇ "ಮನೆಯಲ್ಲಿ ಆಸ್ಪಿರಿನ್ ಇತ್ತು, ಒಂದು ಕೊಟ್ಟೆವು" ಎಂಬುದು ಸರಿಯಲ್ಲ. ಎದೆನೋವಿಗೆ ಕೇಳಿದ ಸಲಹೆಯನ್ನು ಜನ ಸ್ಟ್ರೋಕಿಗೂ ಹಚ್ಚುತ್ತಾರೆ. ರಕ್ತಸ್ರಾವದ ಸ್ಟ್ರೋಕ್ ಆಗಿದ್ದರೆ ಅದರಿಂದ ಕೇಡು.

ಬಚ್ಚಲುಮನೆಯ ವಿಷಯ ಬಹಳ ಮಂದಿ ಕೇಳುತ್ತಾರೆ. ತಲೆಗೆ ಮೊದಲು ನೀರು ಹಾಕಿದ್ದರಿಂದ ಸ್ಟ್ರೋಕ್ ಆಗುವುದಿಲ್ಲ. ಬಚ್ಚಲಲ್ಲಿ ಬಿದ್ದವರ ಕಥೆ ಎಲ್ಲ ಊರಿನಲ್ಲೂ ಇರುವುದು ಯಾಕೆಂದರೆ, ಸ್ಟ್ರೋಕ್ ಬೆಳಿಗ್ಗೆ ಆರರಿಂದ ಮಧ್ಯಾಹ್ನದೊಳಗೆ ಜಾಸ್ತಿ. ಎದ್ದ ಮೇಲೆ ಬಿಪಿ ಏರುವ ಹೊತ್ತು ಅದು. ನಮ್ಮವರು ಬಚ್ಚಲಿಗೆ ಹೋಗುವುದೂ ಅದೇ ಹೊತ್ತಿಗೆ. ಕೆಲವರು ಬಿದ್ದದ್ದರಿಂದ ಸ್ಟ್ರೋಕ್ ಆಯಿತು ಎನ್ನುತ್ತಾರೆ. ಅನೇಕ ಸಲ ಸ್ಟ್ರೋಕ್ ಆದದ್ದರಿಂದ ಬಿದ್ದಿರುತ್ತಾರೆ. ನಿಮ್ಮ ಮಾವ ತಲೆಗೆ ಮೊದಲು ನೀರು ಹಾಕಿಕೊಳ್ಳಲಿ, ಕಾಲಿಗೆ ಹಾಕಿಕೊಳ್ಳಲಿ, ತೊಂದರೆಯಿಲ್ಲ. ಬಾಗಿಲಿಗೆ ಒಳಗಿನ ಚಿಲಕ ಹಾಕದಿದ್ದರೆ ಮಾತ್ರ ನಿಜವಾದ ಉಪಕಾರ.

ಸೂಜಿ ಚುಚ್ಚುವ ಮೆಸೇಜು ಬಂದ ಕೂಡಲೇ ಅಳಿಸಿ. ಬೆರಳಿನಿಂದ ನಾಲ್ಕು ಹನಿ ರಕ್ತ ಬಂದರೆ ಮೆದುಳಿನ ನಾಳ ಬಿಡಿಸಿಕೊಳ್ಳುವುದಿಲ್ಲ. ಮತ್ತೆ ಸಮಯ ಹೋಗುತ್ತದೆ. ದೊಡ್ಡ ನಾಳ ಕಟ್ಟಿಕೊಂಡಾಗ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ಲೆಕ್ಕ.

ನಾಟಿ ಔಷಧಿ, ಎಣ್ಣೆ ಹಚ್ಚುವುದರ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಯಾರ ನಂಬಿಕೆಗೂ ನೋವು ಮಾಡುವುದು ನನ್ನ ಉದ್ದೇಶವಲ್ಲ. ಸ್ಟ್ರೋಕ್ ಆಗಿ ವಾರಗಳಾದ ಮೇಲೆ, ಫಿಸಿಯೋಥೆರಪಿಯ ಜೊತೆಗೆ, ಹಗುರವಾಗಿ ಎಣ್ಣೆ ಹಚ್ಚಿದರೆ ನನ್ನ ಅಡ್ಡಿ ಇಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಲಕ್ವದ ಮದ್ದಿಗೆಂದು ಊರೂರು ತಿರುಗಿ ಬರುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ಗಂಟೆಗಳು ಮತ್ತೆ ಸಿಗುವುದಿಲ್ಲ.

ಅಂದಹಾಗೆ, ಬಾಯಿ ಸೊಟ್ಟಗಾದದ್ದೆಲ್ಲ ಸ್ಟ್ರೋಕ್ ಅಲ್ಲ. ಮುಖದ ನರ ಊದಿಕೊಂಡರೂ ಬಾಯಿ ವಾಲುತ್ತದೆ. ಆಗ ಆ ಬದಿಯ ಕಣ್ಣು ಮುಚ್ಚಲು ಬರುವುದಿಲ್ಲ, ಹಣೆ ಸುಕ್ಕು ಮಾಡಲು ಆಗುವುದಿಲ್ಲ, ಕೈಕಾಲು ಚೆನ್ನಾಗಿರುತ್ತವೆ. ಇದು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ನಾಟಿ ಮದ್ದಿನಿಂದ ಲಕ್ವ ಗುಣವಾಯಿತು ಎಂಬ ಎಷ್ಟೋ ಕಥೆಗಳ ಹಿಂದೆ ಇರುವುದು ಇದೇ. ಆದರೆ ಇದನ್ನು ಬೇರೆ ಮಾಡುವುದು ವೈದ್ಯರಿಗೆ ಬಿಡಿ. ಬಾಯಿ ಸೊಟ್ಟಗಾದರೆ ಮೊದಲು ಆಸ್ಪತ್ರೆ.

ಇನ್ನು ಮಾವನ ಅಪಾಯದ ಲೆಕ್ಕ. ವಯಸ್ಸು 64, ಅಣ್ಣನಿಗೆ ಸ್ಟ್ರೋಕ್. ಈ ಎರಡನ್ನು ಬದಲಿಸಲು ಆಗುವುದಿಲ್ಲ. ಬಿಪಿಯನ್ನು ಬದಲಿಸಬಹುದು. ಸ್ಟ್ರೋಕಿಗೆ ಬಿಪಿಯಷ್ಟು ದೊಡ್ಡ ಕಾರಣ ಬೇರೆ ಇಲ್ಲ. ಮೇಲಿನ ಬಿಪಿ 10 ಅಂಕ ಇಳಿದರೆ ಸ್ಟ್ರೋಕಿನ ಅಪಾಯ ಕಾಲು ಭಾಗಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಮಾತ್ರೆ ತಿಂದು ಬಿಪಿ ನಾರ್ಮಲ್ ಬಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ, ಕಾಯಿಲೆ ಹೋಯಿತು ಎಂದಲ್ಲ. "ಒಮ್ಮೆ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ" ಎಂಬ ಹೆದರಿಕೆ ಹಲವರಿಗೆ ಉಂಟು. ಇದು ಚಟ ಹಿಡಿಸುವ ಔಷಧಿ ಅಲ್ಲ. ಕಾಲು ಊದುವುದು, ಒಣಕೆಮ್ಮು, ಎದ್ದು ನಿಂತಾಗ ತಲೆ ತಿರುಗುವುದು ಇಂಥ ತೊಂದರೆ ಕೆಲವರಿಗೆ ಬರಬಹುದು. ಬಂದರೆ ಬೇರೆ ಮಾತ್ರೆ ಇದೆ, ಕೇಳಿ ಬದಲಿಸಿಕೊಳ್ಳಿ. ಸುಮ್ನೆ ಬಿಡಬೇಡಿ.

ಮನೆಯಲ್ಲಿ ಬಿಪಿ ಮಿಶನ್ ಇಟ್ಟುಕೊಂಡರೆ ಒಳ್ಳೆಯದು. ಸ್ಕೂಟರಿನಿಂದ ಇಳಿದು ಬಂದ ಕೂಡಲೇ ನೋಡಿದ ಬಿಪಿ ಲೆಕ್ಕಕ್ಕಿಲ್ಲ. ಐದು ನಿಮಿಷ ಬೆನ್ನು ಒರಗಿಸಿ, ಪಾದ ಎರಡೂ ನೆಲಕ್ಕೆ ಊರಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತಾಡದೆ ನೋಡಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಟಿಐಎ ಆದವರಿಗೆ 130/80ರ ಕೆಳಗೆ ಇರಲಿ ಎಂದು ನಾವು ನೋಡುತ್ತೇವೆ.

ಗಂಜಿ ಪಾಪದ್ದು, ಅದರ ತಪ್ಪೇನೂ ಇಲ್ಲ. ಅದರ ಜೊತೆಗೆ ಬರುವ ಮಿಡಿ ಉಪ್ಪಿನಕಾಯಿ, ಒಣಮೀನಿನ ಚಟ್ನಿ, ಹಪ್ಪಳ, ಮಳೆಗಾಲದ ಉಪ್ಪುಸೊಳೆ ಇವುಗಳಲ್ಲಿ ಉಪ್ಪು ತುಂಬಿರುತ್ತದೆ. ದಿನಕ್ಕೆ ಒಬ್ಬರಿಗೆ ಎಲ್ಲ ಸೇರಿ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಚಹಾ ಚಮಚ. ಎಲ್ಲವನ್ನೂ ನಿಲ್ಲಿಸಿ ಎಂದರೆ ಯಾರೂ ಕೇಳುವುದಿಲ್ಲ, ನನಗೆ ಗೊತ್ತು. ಒಂದು ಊಟಕ್ಕೆ ಇವುಗಳಲ್ಲಿ ಯಾವುದಾದರೂ ಒಂದು, ಅದೂ ಸ್ವಲ್ಪ. ಬದಲಿಗೆ ಹೆಸರುಕಾಳಿನ ಪಲ್ಯ ಇರಲಿ. ಬೀಡಿ, ಸಿಗರೇಟು ಇದ್ದರೆ ಪೂರ್ತಿ ನಿಲ್ಲಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದೂ ಬೇಡ. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ನೋಡಿಸಿ.

ಹೃದಯದ ವಿಷಯವೂ ಇದೆ. ಕೆಲವರಿಗೆ ನಾಡಿ ತಾಳ ತಪ್ಪಿ ಬಡಿಯುತ್ತದೆ. ಆಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗಿ ಮೆದುಳಿಗೆ ಹಾರುತ್ತದೆ. ಅಂಥವರಿಗೆ ಸ್ಟ್ರೋಕಿನ ಅಪಾಯ ಸುಮಾರು ಐದು ಪಟ್ಟು. ಈ ತಾಳ ತಪ್ಪುವುದು ಬಂದು ಹೋಗಿ ಮಾಡುವುದರಿಂದ ಒಂದು ಇಸಿಜಿಯಲ್ಲಿ ಸಿಗದೇ ಹೋಗಬಹುದು. ಹಾಗಾಗಿ 24 ಗಂಟೆಯ ರೆಕಾರ್ಡಿಂಗ್ ಬೇಕು ಎಂದು ವೈದ್ಯರು ಹೇಳಿದರೆ, ಸುಮ್ನೆ ಬಿಲ್ಲು ಏರಿಸುತ್ತಿದ್ದಾರೆ ಎಂದುಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನೇನು ಮಾಡಬಹುದು? ಮೆದುಳಿನ ಸ್ಕ್ಯಾನ್, ಕುತ್ತಿಗೆ ಮತ್ತು ತಲೆಯ ರಕ್ತನಾಳಗಳ ಪರೀಕ್ಷೆ, ಇಸಿಜಿ, ಎಕೋ, ರಕ್ತ ಪರೀಕ್ಷೆ. ರಕ್ತಸ್ರಾವ ಇಲ್ಲ ಎಂದು ಖಚಿತವಾದ ಮೇಲೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎಂಬ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಮೂರು ವಾರ ಒಟ್ಟಿಗೆ ಕೊಟ್ಟು, ಮತ್ತೆ ಒಂದನ್ನು ಮುಂದುವರಿಸುತ್ತೇವೆ. ಘಟನೆ ಆದ ಮೊದಲ ದಿನವೇ ಶುರು ಮಾಡಿದರೆ ಇದರ ಲಾಭ ಜಾಸ್ತಿ. ತಡವಾದರೆ ಒಂದೇ ಮಾತ್ರೆ ಸಾಕು ಎನಿಸಬಹುದು. ಎರಡನ್ನೂ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲೋ ಮೆದುಳಲ್ಲೋ ರಕ್ತಸ್ರಾವದ ಅಪಾಯ ಏರುತ್ತದೆ. ಹಳೆ ಚೀಟಿ ಹಿಡಿದು ಮೆಡಿಕಲ್‌ನಿಂದ ತರುತ್ತಲೇ ಇರುವವರಿದ್ದಾರೆ, ಅದು ಬೇಡ. ಮಲ ಕಪ್ಪಗಾದರೆ ಕೂಡಲೇ ತಿಳಿಸಿ. ಹೃದಯದ ತಾಳ ತಪ್ಪಿದ್ದರೆ ಬೇರೆ ಬಗೆಯ, ಜಾಸ್ತಿ ಬಲದ ಮಾತ್ರೆ ಬೇಕಾಗುತ್ತದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಕೂಡ ಹೆಚ್ಚಿನವರಿಗೆ ಬೇಕು.

ಕುತ್ತಿಗೆಯ ರಕ್ತನಾಳ 70 ಪ್ರತಿಶತಕ್ಕಿಂತ ಜಾಸ್ತಿ ಕಿರಿದಾಗಿದ್ದರೆ ಆಪರೇಶನ್ ಮಾಡಿ ಒಳಗಿನ ಕೊಬ್ಬು ತೆಗೆಯುವುದು, ಇಲ್ಲವೇ ಸ್ಟೆಂಟ್ ಹಾಕುವುದು. ಈ ಚಿಕಿತ್ಸೆಯ ಹೊತ್ತಿನಲ್ಲೇ ಸ್ಟ್ರೋಕ್ ಆಗುವ ಚಿಕ್ಕ ಅಪಾಯವೂ ಇದೆ. ಮಾಡುವುದಿದ್ದರೆ ಎರಡು ವಾರದೊಳಗೆ ಮಾಡಿದರೆ ಲಾಭ ಜಾಸ್ತಿ. "ದೀಪಾವಳಿ ಕಳೆಯಲಿ, ಮಗ ಊರಿಗೆ ಬರಲಿ" ಎಂದು ಮುಂದೂಡಿದರೆ ಅರ್ಧ ಪ್ರಯೋಜನ ಅಲ್ಲೇ ಹೋಯಿತು.

ಈಗ ನಿಮ್ಮ ದೊಡ್ಡ ಚಿಂತೆ, ರಾತ್ರಿಯದ್ದು. ಸಂಶಯ ಬಂದರೆ ಮಾವನ ಎದುರು ಕೂತು ಹಲ್ಲು ತೋರಿಸಲು ಹೇಳಿ. ಒಂದು ಬದಿ ವಾಲುತ್ತದೆಯೇ ನೋಡಿ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ಹತ್ತು ಎಣಿಸುವವರೆಗೆ ಹಿಡಿಯಲಿ. ಬಲ ಕಡಿಮೆಯಾದ ಕೈ ಮೆಲ್ಲ ಒಳಕ್ಕೆ ತಿರುಗುತ್ತಾ ಕೆಳಗಿಳಿಯುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ. ಮತ್ತೆ ಒಂದು ಸುಲಭದ ಮಾತು ಹೇಳಿಸಿ, "ಇವತ್ತು ಮಳೆ ಜೋರು ಉಂಟು" ಎಂದಾದರೂ ಸರಿ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪುರದ ಕನ್ನಡವೋ ಯಾವುದನ್ನು ಆಡುತ್ತಾರೋ ಅದರಲ್ಲೇ ಹೇಳಿಸಿ. ಅವರ ದಿನನಿತ್ಯದ ಮಾತು ನಿಮಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಈ ಮೂರರಲ್ಲಿ ಒಂದು ಹೊಸದಾಗಿ ತಪ್ಪಿದರೂ ಸಾಕು, ಹೊರಡಿ. ತಟ್ಟನೆ ಒಂದು ಬದಿಯ ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ನಿಂತಲ್ಲೇ ಒಂದು ಕಡೆಗೆ ವಾಲುವುದು, ಹಿಂದೆಂದೂ ಬಂದಿರದ ಸಿಡಿಲಿನಂಥ ತಲೆನೋವು ಇವೂ ಇದೇ ಸಾಲಿಗೆ ಸೇರುತ್ತವೆ. ಕೈ ಮೇಲೆ ಮಲಗಿ ಜೋಮು ಹಿಡಿಯುವುದು, ಎರಡೂ ಪಾದ ಉರಿಯುವುದು ಸ್ಟ್ರೋಕಿನ ಲಕ್ಷಣ ಅಲ್ಲ. ಸ್ಟ್ರೋಕಿನ ಗುರುತು ಎಂದರೆ ಅದು ಹಠಾತ್ ಬರುತ್ತದೆ, ಹೆಚ್ಚಾಗಿ ಒಂದೇ ಬದಿಗೆ.

ಮೊದಲು ಗಡಿಯಾರ ನೋಡಿ. ಆಸ್ಪತ್ರೆಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, ಕೊನೆಯ ಸಲ ಅವರು ಪೂರ್ತಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಆ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ ಇರುತ್ತದೆ. ನೂರು ಜನಕ್ಕೆ ಕೊಟ್ಟರೆ ಸುಮಾರು ಆರು ಜನಕ್ಕೆ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೂ ಬೇಗ ಕೊಟ್ಟರೆ ಯಾರ ಹಂಗೂ ಇಲ್ಲದೆ ನಡೆದಾಡುವವರ ಸಂಖ್ಯೆ ಚೆನ್ನಾಗಿ ಏರುತ್ತದೆ. ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ಅಥವಾ ಕೈಯ ರಕ್ತನಾಳದಿಂದ ತಂತಿ ಹಾಕಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಇದಕ್ಕೆ ಆರು ಗಂಟೆ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅವಕಾಶ ಇದೆ. ಮಲಗುವಾಗ ಚೆನ್ನಾಗಿದ್ದು ಏಳುವಾಗ ಕೈಕಾಲು ಹೋಗಿದ್ದರೂ ಸಮಯ ಮೀರಿತು ಎಂದು ನೀವೇ ತೀರ್ಮಾನಿಸಬೇಡಿ.

108ಕ್ಕೆ ಫೋನ್ ಮಾಡಿ, "ಸ್ಟ್ರೋಕ್" ಎಂದೇ ಹೇಳಿ. ಆಂಬುಲೆನ್ಸ್ ತಡ ಎಂದಾದರೆ ಪಕ್ಕದ ಮನೆಯ ಕಾರು, ರಿಕ್ಷಾ ಯಾವುದಾದರೂ ಸರಿ. ನೀರು, ಬೊಂಡ, ಕಷಾಯ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆ ಶನಿವಾರದ ಕಷಾಯ ಸರಿಯಾಗಿ ಇಳಿದದ್ದು ಅದೃಷ್ಟ. ಬಿಪಿ ಜಾಸ್ತಿ ಕಂಡಿತೆಂದು ನಾಲಿಗೆ ಕೆಳಗೆ ಮಾತ್ರೆ ಇಡಬೇಡಿ. ಆ ಹೊತ್ತಿನಲ್ಲಿ ಬಿಪಿ ಧಡಕ್ಕನೆ ಇಳಿದರೆ ಮೆದುಳಿಗೆ ಸಿಗುತ್ತಿದ್ದ ಚೂರು ರಕ್ತವೂ ತಪ್ಪುತ್ತದೆ. ಮಂಪರು ಇದ್ದರೆ, ವಾಂತಿ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ಮಾತ್ರೆಗಳ ಚೀಲ, ಆಯುಷ್ಮಾನ್ ಕಾರ್ಡ್ ತೆಗೆದುಕೊಳ್ಳಿ.

ನಿಮ್ಮ ಮನೆಯಂಥ ಮನೆಗಳಲ್ಲಿ ಸಮಯ ಕಳೆದುಹೋಗುವುದು ರಸ್ತೆಯಲ್ಲಿ ಮಾತ್ರ ಅಲ್ಲ, ಫೋನಿನಲ್ಲಿ. ಇಂಜೆಕ್ಷನ್‌ಗೆ ಒಪ್ಪಿಗೆ ಕೇಳಿದಾಗ "ಮಗನನ್ನು ಕೇಳಬೇಕು" ಎನ್ನುತ್ತಾರೆ. ಮಗ ಡ್ಯೂಟಿಯಲ್ಲಿ, ಫೋನ್ ಎತ್ತುವುದಿಲ್ಲ. ಎತ್ತಿದರೆ ಬೆಂಗಳೂರಿನ ಭಾವನನ್ನು ಕೇಳಿ ಹೇಳುತ್ತೇನೆ ಎನ್ನುತ್ತಾರೆ. ಅಲ್ಲಿಗೆ ಮುಕ್ಕಾಲು ಗಂಟೆ. ಆದ್ದರಿಂದ ಈ ವಾರವೇ ನಿಮ್ಮ ಗಂಡ, ಅತ್ತೆ, ಮಾವ ಎಲ್ಲ ವಿಡಿಯೋ ಕಾಲ್‌ನಲ್ಲಿ ಕೂತು ಮಾತಾಡಿ. ಅಂಥ ಸಮಯ ಬಂದರೆ ಸಹಿ ಹಾಕುವವರು ನೀವು, ಹೋಗುವುದು ಇಂಥ ಆಸ್ಪತ್ರೆಗೆ, ಕಾರು ತೆಗೆಯುವವರು ಇಂಥವರು ಎಂದು ನಿರ್ಧರಿಸಿ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ರಾತ್ರಿ ಸಿಟಿ ಸ್ಕ್ಯಾನ್ ನಡೆಯುತ್ತದೆಯೇ, ಸ್ಟ್ರೋಕಿನ ಇಂಜೆಕ್ಷನ್ ಕೊಡುತ್ತಾರೆಯೇ ಎಂದು ಕೇಳಿಡಿ. ಸ್ಕ್ಯಾನ್ ಇಲ್ಲದ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ಡ್ರಿಪ್ ಹಾಕಿಸಿ ಕೂತರೆ ಸಮಯ ಮುಗಿದುಹೋಗುತ್ತದೆ. ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆಯಿರಿ, ಅತ್ತೆಗೂ ಕಾಣುವ ಹಾಗೆ.

ಮಾವ ಬರಲು ಒಪ್ಪುತ್ತಿಲ್ಲ ಎಂದಿರಿ. ಜಗಳ ಮಾಡಬೇಡಿ, ಹೆದರಿಸಲೂ ಬೇಡಿ. ಅವರ ಅಣ್ಣನನ್ನು ಅವರು ದಿನಾ ನೋಡುತ್ತಿದ್ದಾರೆ, ಒಳಗೆ ಹೆದರಿಕೆ ಇದ್ದೇ ಇರುತ್ತದೆ. "ಅಣ್ಣನಿಗೆ ಈ ತರ ಮುಂಚೆ ಸೂಚನೆ ಸಿಕ್ಕಿತ್ತೋ ಇಲ್ಲವೋ, ನಿಮಗೆ ಸಿಕ್ಕಿದೆ. ಒಂದು ಸಲ ನೋಡಿಸಿ ಬರುವ" ಎಂದು ಹೇಳಿ ನೋಡಿ. ಮಗ ಫೋನಿನಲ್ಲಿ ಎರಡು ಮಾತು ಹೇಳಿದರೆ ಇನ್ನೂ ಸುಲಭ.

ಸ್ಕೂಟರ್ ಮಾತ್ರ ಸದ್ಯಕ್ಕೆ ಬೇಡ. ಪರೀಕ್ಷೆಗಳು ಮುಗಿದು, ನೋಡಿದ ವೈದ್ಯರು ಆಗಬಹುದು ಎನ್ನುವವರೆಗೆ ಕೀ ನಿಮ್ಮ ಹತ್ತಿರ ಇರಲಿ. ನಾನು ಸಾಮಾನ್ಯವಾಗಿ ಒಂದು ತಿಂಗಳು ಬೇಡ ಎನ್ನುತ್ತೇನೆ. ಹೆದ್ದಾರಿಯಲ್ಲಿ ಹೋಗುವಾಗ ಆ ಬಲಗೈ ಹತ್ತು ಸೆಕೆಂಡು ಕೈಕೊಟ್ಟರೂ ಸಾಕು. ಪೇಟೆಗೆ ಹೋಗಲೇಬೇಕೆಂದರೆ ಬಸ್ಸಿನಲ್ಲಿ ಹೋಗಲಿ, ಮೊದಲ ಕೆಲವು ವಾರ ಜೊತೆಗೆ ಯಾರಾದರೂ ಇರಲಿ.